ಮಾತಾಡಿಸ್ಕೊಂಡು ಹೋಗೋಣಂತ ಬಂದವರು

ಒಂದೂರಾಗ ಒಬ್ಬ ಸಾಹುಕಾರ ಇದ್ದ. ಏನು ಕಡಿಮಿ ಇತ್ತು ಅವಂಗ? ಏನೂ ಇಲ್ಲ. ಒಬ್ಬಾಕಿ ಮಗಳು, ಆಕಿ ಮ್ಯಾಲ ಜೀವ. ಆಕಿಗೆ ಕ್ಯಾನ್ಸರ್ ಆತು. ಕಿಮೋ ಶುರು ಮಾಡಿದ್ರು. ಡಾಕ್ಟರಮ್ಮ ಸಾಹುಕಾರನ್ನ ಕುಂದ್ರಿಸಿ ಹೇಳಿದ್ರು: "ಗಡ್ಡಿ ಕರಗಾಕ ಹತ್ತೈತಿ, ಹುಡುಗಿ ಉಳೀತಾಳ. ಆದ್ರ ಈ ಔಷಧ ಮೈ ಕಾಯೋ ಬಿಳಿ ರಕ್ತಕಣಾನೂ ಕೊಲ್ತೈತಿ. ನಿಮಗ ಬರೀ ನೆಗಡಿ, ಆಕಿಗೆ ಅದೇ ಸಾವಾದೀತು. ಮಂದಿ ಸೇರಿಸಬ್ಯಾಡ್ರಿ. ಜ್ವರ ಬಂತಂದ್ರ ಮನ್ಯಾಗ ಗುಳಿಗಿ ಕೊಟ್ಟು ಕುಂದ್ರಬ್ಯಾಡ್ರಿ, ಆ ಕ್ಷಣ ಇಲ್ಲಿಗೆ ಕರ್ಕೊಂಡು ಬರ್ರಿ."

ಸಾಹುಕಾರ ನೆಲ ತಿಕ್ಕಿಸಿದ, ಬಾಗಿಲದಾಗ ಸಾಬೂನು ಇಟ್ಟ, ಕೆಲಸದಾಕಿ ಒಮ್ಮೆ ಸೀನಿದ್ದಕ್ಕ ಮನಿಗೆ ಅಟ್ಟಿದ. ಶಾಣ್ಯಾ ಅಲ್ಲೇನ್ರಿ? ಬಡವರಿಗೆ ಬಾಗಿಲ ಹಾಕೋದು ಎಲ್ಲಾರಿಗೂ ಬರ್ತೈತಿ.

ಆಮ್ಯಾಲೆ ಮಾತಾಡಿಸೋ ಮಂದಿ ಬರಾಕ ಹತ್ತಿದ್ರು. ನಮ್ಮ ಕಡೆ ಪದ್ಧತಿ ಗೊತ್ತೈತಲ್ಲ? ಜಡ್ಡಾದವರ ಮನಿಗೆ ಹೋಗಲಿಲ್ಲಂದ್ರ ಸಾಯೋತನಕ ಆಡ್ಕೋತಾರ. ಬೀಗರು ನೆಂಟರು ಬಂದ್ರು, ಜೀಪ್ ತುಂಬ ಬಂದ್ರು. ಸಾಹುಕಾರನ ಅಕ್ಕ ಕೆಮ್ಮಕೋತ ಬಂದ್ಳು. "ಯವ್ವಾ, ಹೆಂಗಾಗೀಯ ನನ್ನ ಬಂಗಾರ!" ಅಂತ ಹುಡುಗಿ ಮಾರಿ ಎರಡೂ ಕೈಲೆ ಸವರಿ, ಲಟಿಗಿ ಮುರಿದು, ಮುದ್ದು ಕೊಟ್ಳು.

ಮಗಳು ಅಪ್ಪನ್ನ ಕರೆದು, "ಅಪ್ಪಾ, ಬಾಗಿಲ ಹಾಕೋ. ನನಗ ಅಂಜಿಕಿ ಆಗ್ತೈತಿ" ಅಂದ್ಳು.

"ಹೆಂಗ ಹಾಕ್ಲವ್ವಾ? ಒಡಹುಟ್ಟಿದಾಕಿಗೆ ಹೋಗು ಅನ್ನಲೇನು? ಮಂದಿ ಏನಂದಾರು?"

ಮಂದಿ ಏನಂದಾರು! ನೋಡ್ರಿ, ಈ ಒಂದು ಮಾತು ಎಷ್ಟು ಮನಿ ಹಾಳು ಮಾಡೈತಿ!

ಆ ವಾರ ಮುಗಿಯೋದ್ರಾಗ ಹುಡುಗಿ ಮೈ ಕೆಂಡ ಆತು. ಪಡಸಾಲ್ಯಾಗ ಬೀಗರು ಊಟಕ್ಕ ಕುಂತಾರ. "ತಡಿಯವ್ವಾ, ಇವರು ಉಂಡು ಏಳಲಿ. ನಡಬರಕ ಎದ್ದು ಹೋದ್ರ ಚಂದ ಕಾಣಂಗಿಲ್ಲ" ಅಂದು ಒಂದು ಜ್ವರದ ಗುಳಿಗಿ ನುಂಗಿಸಿದ. ಜ್ವರ ಇಳೀತು. ಸಾಹುಕಾರ ಹಗೂರಾದ, ಹೋಳಿಗಿಗೆ ತುಪ್ಪ ತಾನೇ ಬಡಿಸಿದ. ಬೀಗರು ಎಲಿ ಅಡಿಕಿ ಹಾಕ್ಕೊಂಡು ಏಳೋದ್ರಾಗ ಹುಡುಗಿ ಗಡಗಡ ನಡಗಾಕ ಹತ್ತಿದ್ಳು, ಕರೆದ್ರ ಓ ಅನ್ನಲಿಲ್ಲ. ದವಾಖಾನಿಗೆ ಒಯ್ದ್ರು. ಡಾಕ್ಟರಮ್ಮ ಕೇಳಿದ್ದು ಒಂದೇ: "ಜ್ವರ ಬಂದು ಎಷ್ಟೊತ್ತಾತು?"

ಗಡ್ಡಿ ಕರಗಿತ್ರೆಪಾ, ಕರಗಿತ್ತು! ಕ್ಯಾನ್ಸರಿಂದ ಹೋಗಲಿಲ್ಲ ಆ ಹುಡುಗಿ. ಸೋಂಕಿಲೆ ಹೋದ್ಳು.

ಈಗ ಯಾರಿಗೆ ಬೈಲಿ ಹೇಳ್ರಿ? ಅಕ್ಕ ಕೆಟ್ಟಾಕೇನು? ಬೀಗರು ಕೆಟ್ಟವರೇನು? ಎಲ್ಲಾರೂ ಪ್ರೀತೀಲೆ ಬಂದವರು. ವೈರಿ ಬಂದಿದ್ರ ಬಾಗಿಲದಾಗ ತಡೀಬಹುದಿತ್ತು. ಇದಕ್ಕ ಸಮಾಧಾನದ ಮಾತು ನನ್ನ ಹತ್ರ ಇಲ್ಲ. ಹಣೆಬರಹ ಅನಬ್ಯಾಡ್ರಿ, ಸಿಟ್ಟು ಬರ್ತೈತಿ ನನಗ.

ಕಿಮೋ ನಡದವರ ಮನಿಗೆ ಹೋಗಬ್ಯಾಡ್ರಿ, ಫೋನ್ ಮಾಡ್ರಿ. ಹೋಗಲೇಬೇಕಂದ್ರ ಸಾಬೂನು ಹಚ್ಚಿ ಕೈ ತೊಳ್ಕೊಂಡು, ದೂರ ಕುಂತು, ಲಗೂನ ಏಳ್ರಿ. ನೆಗಡಿ ಕೆಮ್ಮು ಇದ್ದವರು ಹೊಸ್ತಿಲಾನೇ ತುಳೀಬ್ಯಾಡ್ರಿ. ಮನಿಯವರೇ, ಜ್ವರ ಕಂಡ್ರ ಗುಳಿಗಿ ಹುಡುಕಬ್ಯಾಡ್ರಿ, ಗಾಡಿ ಹುಡುಕ್ರಿ. ಮಂದಿ ಏನರೆ ಅಂದ್ಕೊಳ್ಳಲಿ. ಅಂದವರು ಮಣ್ಣಿಗೆ ಬರ್ತಾರ, ಹೋದ ಮಗಳನ್ನ ತಂದು ಕೊಡಂಗಿಲ್ಲ.

ತಲಿ ಅಲ್ಲಾಡಸ್ತೀರಿ. ನನಗೇನೂ ನಂಬಿಕಿ ಇಲ್ಲ. ಹಿಂದ ಕಂಬಕ್ಕ ಆನ್ಕೊಂಡು ಕುಂತಿರೋ ತಾಯಿ, ಆಗಿಂದ ಕೆಮ್ಮಾಕ ಹತ್ತೀರಿ. ಬಾಜು ಓಣ್ಯಾಗ ಕಿಮೋ ಮಾಡಿಸ್ಕೊಂಡು ಬಂದಾಕಿನ್ನ ಮಾತಾಡಿಸ್ಕೊಂಡು ಹೋಗ್ತೀನಿ ಅಂತ ಈ ಕತಿ ಕೇಳಾಕ ಒಳಗ ಬರೋ ಮುಂದ ನನಗ ಹೇಳೀರಿ. ಯವ್ವಾ, ನಿನ್ನ ಕಾಲಿಗೆ ಬೀಳ್ತೀನಿ. ಸೀದಾ ನಿನ್ನ ಮನಿಗೆ ಹೋಗು.