ಪೂವಪ್ಪನ ಮೂರು ಸಾವಿರ ವೋಲ್ಟು

ಮುಂಬೈಯ ಮುಲುಂಡಿನಲ್ಲಿ ಆ ದಿನ ಮಧ್ಯಾಹ್ನ ಎರಡು ಗಂಟೆಗೇ ದೀಪ ಹಾಕುವಷ್ಟು ಕತ್ತಲಾಗಿತ್ತು, ಆದರೆ ಹಾಕಲು ಕರೆಂಟೇ ಇರಲಿಲ್ಲ. ಬೆಳಗಿನಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ. ಲೋಕಲ್ ರೈಲು ನಿಂತಿತ್ತು, ಬಿಲ್ಡಿಂಗಿನ ಗೇಟಿನ ಹತ್ತಿರ ಮೊಣಕಾಲುದ್ದ ನೀರು. ನಮ್ಮ ನೆಲಮಹಡಿಯ ಮನೆಗೆ ನೀರು ನುಗ್ಗೀತೆಂಬ ಹೆದರಿಕೆಯಲ್ಲಿ ನಾನೂ ನನ್ನ ಮಗಳು ನಮಿತಾಳೂ ಮೂರನೇ ಮಹಡಿಯ ಬಸವಂತಪ್ಪನವರ ಮನೆ ಸೇರಿದ್ದೆವು.

ಬಸವಂತಪ್ಪನವರು ಬೆಳಗಾವಿ ಕಡೆಯವರು. ಚೆಂಬೂರಿನ ಒಂದು ಕಾರ್ಖಾನೆಯಲ್ಲಿ ಮೀಟರು, ವೈರು, ಸ್ವಿಚ್ಚುಗಳ ಕೆಲಸ ಮಾಡಿ ನಿವೃತ್ತರಾದವರು. ಎಪ್ಪತ್ತೆಂಟು ದಾಟಿದೆ, ನಾಲಿಗೆ ಮಾತ್ರ ಇನ್ನೂ ಇಪ್ಪತ್ತೆಂಟರದ್ದು. ಅವರಿಗೆ ಹ್ಯಾಮ್ ರೇಡಿಯೋದ ಹುಚ್ಚು. ಸರಕಾರದ ಲೈಸೆನ್ಸ್ ಪಡೆದು, ಮನೆಯಲ್ಲೇ ರೇಡಿಯೋ ಇಟ್ಟುಕೊಂಡು, ದೂರದ ಊರುಗಳಲ್ಲಿರುವ ತಮ್ಮಂಥ ಹುಚ್ಚರ ಜೊತೆ ಮಾತಾಡುವುದು ಅವರ ದಿನದ ಮೊದಲ ಕೆಲಸ. ಅವತ್ತು ಅವರ ಮನೆಯಲ್ಲಿ ಇನ್ನೊಬ್ಬರೂ ಇದ್ದರು. ಚೆಂಬೂರಿನ ವಸಂತಿಯಮ್ಮ, ತೀರಿಕೊಂಡ ಅವರ ರೇಡಿಯೋ ಗೆಳೆಯ ಪೂವಪ್ಪನವರ ಹೆಂಡತಿ. ವರ್ಷಕ್ಕೊಮ್ಮೆ ಜುಲೈಯಲ್ಲಿ ಬಂದು ಮಾತಾಡಿಸಿ ಹೋಗುವ ರೂಢಿ, ಈ ಸಲ ಮಳೆಯಲ್ಲಿ ಸಿಕ್ಕಿಹಾಕಿಕೊಂಡಿದ್ದರು.

ಬಸವಂತಪ್ಪನವರ ಹೆಂಡತಿ ಚಂದ್ರವ್ವ ಎಲ್ಲರಿಗೂ ಚಹಾ ಕೊಟ್ಟರು. ಮೂಲೆಯಲ್ಲಿ ಹಳೆಯ ಇಳಕಲ್ ಸೀರೆಯ ತುಂಡು ಹೊದಿಸಿದ್ದ ಒಂದು ಕಬ್ಬಿಣದ ಪೆಟ್ಟಿಗೆ ಇತ್ತು, ಸಣ್ಣ ಫ್ರಿಜ್ಜಿನಷ್ಟು ದೊಡ್ಡದು. ಕೈಯಲ್ಲಿದ್ದ ಕಪ್ಪನ್ನು ನಮಿತಾ ಅದರ ಮೇಲೆ ಇಡಲು ಹೋದಳು.

“ಏ! ಕೈ ತಗಿ!”

ಮುದುಕರು ಕೂಗಿದ ರಭಸಕ್ಕೆ ಚಹಾ ಚೆಲ್ಲಿತು. “ಸಾರಿ ಅಜ್ಜಾ, ನನಗೆ ಪತಾ ನಹೀ ಥಾ,” ಎಂದಳು ನಮಿತಾ, ಮುಖ ಸಣ್ಣದು ಮಾಡಿಕೊಂಡು. ಬಸವಂತಪ್ಪನವರು ಅವಳನ್ನು ನೋಡಲಿಲ್ಲ. ವಸಂತಿಯಮ್ಮನ ಕಡೆ ತಿರುಗಿ ಕೂತರು.

“ವೈನಿ, ಪ್ರತಿ ವರ್ಷ ನೀವು ಬರ್ತೀರಿ, ಪ್ರತಿ ವರ್ಷ ಹೇಳಬೇಕು ಅಂತೀನಿ, ಚಹಾ ಕುಡಿಸಿ ಕಳಸ್ತೀನಿ. ಇವತ್ತ ನಿಮಗ ಹೋಗಾಕ ಗಾಡಿ ಇಲ್ಲ, ನನಗ ತಪ್ಪಿಸ್ಕೊಳ್ಳಾಕ ದಾರಿ ಇಲ್ಲ. ಇವತ್ತ ಹೇಳೇ ತೀರ್ತೀನಿ. ಎಲ್ಲಾರೂ ಕೇಳ್ರಿ. ನಡುವ ಯಾರೂ ಬಾಯಿ ಹಾಕಬ್ಯಾಡ್ರಿ, ಹಾಕಿದ್ರ ನನಗ ಮತ್ತ ಧೈರ್ಯ ಬರೂದಿಲ್ಲ.”

ಹೊರಗೆ ಮಳೆ ಇನ್ನೂ ಜೋರಾಯಿತು. ಅವರು ಶುರು ಮಾಡಿದರು.

“ದೆವ್ವ ಅಂದ್ರ ಅಮಾಸಿ ರಾತ್ರೀನ ಬರಬೇಕು, ಬಿಳಿ ಸೀರೀನ ಉಟ್ಟಿರಬೇಕು ಅಂತ ಯಾರು ಹೇಳ್ಯಾರವ್ವಾ? ನನ್ನ ದೆವ್ವ ಮುಂಜಾನೆ ಏಳಕ್ಕ ಬರ್ತದ, ಹಾಲಿನವ ಬಂದು ಹೋದ ಮ್ಯಾಲ... ಇಪ್ಪತ್ತು ವರ್ಷದಾಗ ಒಂದು ದಿನಾನೂ ತಡಾ ಮಾಡಿಲ್ಲ. ನಮ್ಮ ಲೋಕಲ್ ಗಾಡಿಗೆ ಆ ಶಿಸ್ತು ಇದ್ದಿದ್ರ ಈ ಊರು ಎಷ್ಟ ಸುಖದಾಗಿರ್ತಿತ್ತು! ನಗಬ್ಯಾಡ ನಮಿತಾ. ನಗೂದು ಇನ್ನ ಸ್ವಲ್ಪ ಹೊತ್ತು ಅಷ್ಟ.

“ಪೂವಪ್ಪಣ್ಣಂದು ದಾದರ್‌ದಾಗ ಹೋಟೆಲ್ಲಿತ್ತು. ಕೆಳಗ ಇಡ್ಲಿ, ವಡಾ, ಸಾಂಬಾರ, ಮ್ಯಾಲ ಒಂದು ಸಣ್ಣ ಖೋಲಿ, ಖೋಲಿ ಮ್ಯಾಲ ಆಕಾಶದಾಗ ಏರಿಯಲ್. ನನಗ ರೇಡಿಯೋ ಕಲಿಸಿದಾಂವ ಅವನ. ಈ ಪೆಟಗಿ ಅದಲ್ಲಾ, ಇದನ್ನ ತನ್ನ ಕೈಯಾರೆ ಕಟ್ಟಿದಾಂವ. ಒಡೆದ ಹಡಗದಾಗಿಂದ ಬಂದ ಎರಡು ವಾಲ್ವು, ಅಂದ್ರ ಗಾಜಿನ ಬುರುಡಿ, ಚೋರ್ ಬಜಾರದಾಗ ಸಿಕ್ಕಿದ್ವು, ಒಂದೊಂದು ಹಾಲಿನ ಚರಿಗಿಯಷ್ಟು ದೊಡ್ಡವು. ರೇಡಿಯೋದಿಂದ ಬರೋ ಸಣ್ಣ ದನೀನ ಈ ಪೆಟಗಿ ತಗೊಂಡು ಹತ್ತು ಪಟ್ಟು ದೊಡ್ಡದು ಮಾಡಿ ಆಕಾಶಕ್ಕ ಒಗೀತದ. ಸ್ವಿಚ್ಚು ಹಾಕಿದ್ರ ಮೂರು ನಿಮಿಷ ಸುಮ್ನ ಕುಂದರಬೇಕು, ವಾಲ್ವು ಕಾಯಬೇಕು, ನಿಧಾನಕ್ಕ ಕೆಂಪಗ... ಆಮ್ಯಾಲ ಮೂರು ಸಾವಿರ ವೋಲ್ಟು! ಆಂವ ಮಾತಾಡಿದ್ರ ಕೆಳಗ ಹೋಟೆಲಿನ ದೀಪ ಮಿಣಕ್ ಅಂತಿದ್ವು. ಬಾಜೂ ಚಾಳಿನ ಬಾಯಾರ ಟೀವಿಯೊಳಗ ದೇವಿ ರಾಕ್ಷಸನ್ನ ಕೊಲ್ಲೋ ಹೊತ್ತಿಗೆ ಪೂವಪ್ಪಣ್ಣನ ದನಿ ಬಂದು, ‘ಮಂಗಳೂರು, ನಿಮ್ಮದು ಚಂದ ಕೇಳ್ತಾ ಉಂಟು’ ಅಂತಿತ್ತಂತ. ಆಕಿ ಲಟ್ಟಣಿಗಿ ಹಿಡ್ಕೊಂಡು ಜಗಳಕ್ಕ ಬಂದಿದ್ಲು. ನೆನಪದ ಏನ್ರೀ ವೈನಿ?

“ಹಂಗ ನಗಿಸೋ ಮನಷ್ಯಾ, ಈ ಪೆಟಗಿ ಮುಂದ ಕುಂತ್ರ ಮಾತ್ರ ಹೆಡ್ ಮಾಸ್ತರ. ಯಾಕಂದ್ರ ಇದು ಸ್ವಿಚ್ಚು ತಗದ್ರೂ ಸಾಯೂದಿಲ್ಲವ್ವಾ. ಪ್ಲಗ್ ಕಿತ್ತ ಮ್ಯಾಲೂ ಒಳಗಿನ ಕೆಪ್ಯಾಸಿಟರಿನಾಗ ಕರೆಂಟು ತುಂಬಿಕೊಂಡು ಕುಂತಿರ್ತದ, ಮುಟ್ಟಿದವರನ್ನ ಕಾಯ್ಕೋತ. ಅದಕ್ಕ ಬಾಜೂಕ ನಿಂದರಿಸಿದ ಈ ಕೋಲು. ತುದಿಗೆ ಹಿತ್ತಾಳಿ ಕೊಂಡಿ, ಕೊಂಡಿಯಿಂದ ನೆಲಕ್ಕ ವೈರು. ಮುಚ್ಚಳ ತಗದ ಕೂಡಲೇ ಮೊದಲ ಕೋಲು ಹಾಕಬೇಕು, ಇದ್ದಬದ್ದ ಕರೆಂಟು ಠಪ್ ಅಂತ ಭೂಮಿಗಿಳೀತದ, ಆಮ್ಯಾಲ ಕೈ. ಅದೂ ಒಂದ ಕೈ. ಇನ್ನೊಂದು ಕಿಸೆದಾಗ. ಎರಡೂ ಕೈ ಹಾಕಿದ್ರ ಕರೆಂಟು ಒಂದು ಕೈಯಾಗ ಹತ್ತಿ ಎದಿ ದಾಟಿ ಇನ್ನೊಂದು ಕೈಯಾಗ ಇಳೀತದ. ಇಬ್ಬರಿದ್ದಾಗ ಕೋಲು ಹಾಕೂದು ಒಬ್ಬನ ಕೆಲಸ, ಕೈ ಹಾಕೂದು ಇನ್ನೊಬ್ಬನ ಕೆಲಸ. ಕೈ ಹಾಕಾಂವ ಕೇಳಬೇಕು, ಕೋಲಿನಾಂವ ‘ಹಾಕೀನಿ’ ಅನಬೇಕು. ಕೋಲು ಯಾವಾಗಲೂ ನನ್ನ ಕೆಲಸ ಆಗಿತ್ತು. ವೈನಿ... ಕೇಳ್ಕೊಳ್ರಿ, ಕೋಲು ನನ್ನ ಕೆಲಸ ಆಗಿತ್ತು.

“ಆ ದೊಡ್ಡ ಮಳಿ ಬಂದ ವರ್ಷ. ಅವತ್ತ ನಾ ರಜಾ ಹಾಕಿ ದಾದರಕ್ಕ ಹೋಗಿದ್ದೆ. ಮಧ್ಯಾಹ್ನದಾಗ ಗಾಡಿ ನಿಂತ್ವು, ಫೋನು ಸತ್ವು, ಕರೆಂಟು ಹೋತು. ಹೋಟೆಲಿನ ತುಂಬ ತೊಯ್ಸಿಕೊಂಡ ಮಂದಿ. ಎಲ್ಲಾರದೂ ಒಂದ ಚಿಂತಿ, ಊರಿಗೆ ಹೆಂಗ ತಿಳಸೂದು? ಪೂವಪ್ಪಣ್ಣ ಹೋಟೆಲಿನ ಜನರೇಟರ್ ಹಚ್ಚಿದ, ಪೆಟಗಿ ಹಚ್ಚಿದ. ಅಂಥಾ ಸಿಡ್ಲು ಗದ್ದಲದಾಗ ಸಣ್ಣ ರೇಡಿಯೋ ದನಿ ಯಾರಿಗೆ ಕೇಳಬೇಕು? ಪೆಟಗಿ ಇತ್ತಂತ ಕೇಳಿತು. ಹುಬ್ಬಳ್ಳಿ ಒಬ್ಬರು, ಮಂಗಳೂರು ಒಬ್ಬರು ಸಿಕ್ಕರು. ಮಂದಿ ಬಿಲ್ ಚೀಟಿ ಹಿಂದ ತಮ್ಮ ಹೆಸರು, ಊರಿನ ಫೋನ್ ನಂಬರು ಬರಕೊಟ್ರು, ಪೂವಪ್ಪಣ್ಣ ಓದಿದ, ಅಲ್ಲಿಂದ ಅವರು ಮನಿಮನಿಗೆ ಫೋನ್ ಮಾಡಿ ‘ನಿಮ್ಮವರು ಅರಾಮ ಅದಾರ’ ಅಂತ ಹೇಳಿದ್ರು. ಐವತ್ತು ಚೀಟಿ, ಅರವತ್ತು ಚೀಟಿ... ಗಂಟಲು ಕಟ್ಟಿದ್ರೂ ಬಿಡಲಿಲ್ಲ. ಬಿಸಿನೀರು ಕುಡಿಯೂದು, ಓದೂದು. ಅಂಥಾ ಹಟ.

“ನನ್ನ ಚೀಟಿ ಎಲ್ಲಾರಕಿಂತ ಕೆಳಗಿತ್ತು. ಈಕಿ, ಚಂದ್ರವ್ವ, ಆಪರೇಷನ್ ಮಾಡಿಸ್ಕೊಂಡು ಬೆಳಗಾವ್ಯಾಗ ತವರಮನ್ಯಾಗ ಮಲಗಿದ್ಲು. ನಾ ಮುಳಗಿ ಸತ್ತೆ ಅಂತ ತಿಳ್ಕೊಂಡು ಈಕಿ ಎದಿ ಒಡ್ಕೊಂಡ್ರ? ಅದ ಒಂದ ಚಿಂತಿ ತಲಿಯಾಗ. ಏಳು ಚೀಟಿ ಉಳದಿದ್ವು, ಅಷ್ಟೊತ್ತಿಗೆ ಪೆಟಗಿ ಠಕ್ ಅಂತ ನಿಂತು ಹೋತು. ಜನರೇಟರಿನಾಗ ಡೀಸೆಲ್ಲು ತಳ ಕಂಡಿತ್ತು, ಹತ್ತು ನಿಮಿಷ ಬರ್ತಿತ್ತೋ ಇಲ್ಲೋ. ಪೂವಪ್ಪಣ್ಣ ಪ್ಲಗ್ ಕಿತ್ತ, ಮುಚ್ಚಳ ತಗದ, ಒಳಗ ಬ್ಯಾಟರಿ ಹಿಡದು ನೋಡಿ, ‘ವೈರು ಬಿಟ್ಟಿದೆ ಮಾರಾಯ, ಒಂದು ನಿಮಿಷದ ಕೆಲಸ’ ಅಂದ. ಅಂದು... ಕೇಳಿದ. ‘ಕೋಲು ಹಾಕಿದ್ಯಾ ಬಸವಂತಾ?’

“ಕೋಲು ನನ್ನ ಹಿಂದ, ಮಂದಿ ಕಾಲಾಗ ಬಿದ್ದಿತ್ತು. ಹುಡಕಬೇಕು, ಸರಸಬೇಕು, ಹಾಕಬೇಕು. ಎಷ್ಟೊತ್ತು? ಅರ್ಧ ನಿಮಿಷ. ಆ ಅರ್ಧ ನಿಮಿಷ ನನ್ನ ಚೀಟಿ ನುಂಗತದ ಅನಸ್ತು ನನಗ. ‘ಹಾಕೀನಿ’ ಅಂದೆ.

“ಹಾಕಿದ್ದಿಲ್ಲ ವೈನಿ.

“ಆಂವ ತಿರಿಗೂ ನೋಡಲಿಲ್ಲ. ಎಷ್ಟ ನಂಬಿದ್ದ ಅಂದ್ರ, ಎರಡೂ ಕೈ ಹಾಕಿದ... ಜಗತ್ತಿಗೆಲ್ಲಾ ಒಂದು ಕೈ ಕಿಸೆದಾಗ ಅಂತ ಹೇಳಿದಾಂವ, ನನ್ನ ಮಾತಿನ ಮ್ಯಾಲ ಎರಡೂ ಕೈ ಹಾಕಿದ. ದೊಡ್ಡ ಸಪ್ಪಳ ಏನೂ ಆಗಲಿಲ್ಲ. ಹಪ್ಪಳ ಮುರಿದಷ್ಟು. ನಿಮಗ ಎಲ್ಲಾರೂ ಹೇಳಿದ್ರು, ಓಡ್ಯಾಡಿ ದಣದು ಎದಿ ನಿಂತತು ಅಂತ. ಮೊದಲ ಹೇಳಿದಾಂವ ನಾ. ಎರಡು ದಿನಕ್ಕ ಫೋನು ಶುರು ಆದ್ವು, ಚಂದ್ರವ್ವ ‘ಹೂಂ, ಅರಾಮ ಇದ್ದೀರಲ್ಲಾ’ ಅಂದು ಫೋನಿಟ್ಲು. ಎರಡು ದಿನ ತಡದಿದ್ರ ಏನಾಗ್ತಿತ್ತು? ಏನೂ ಆಗ್ತಿರಲಿಲ್ಲ! ಏನಂದ್ರ ಏನೂ ಆಗ್ತಿರಲಿಲ್ಲ...

“ಹೋಟೆಲ್ ಮುಚ್ಚಿದಾಗ ‘ನಿಮ್ಮನ್ನೊಬ್ಬರನ್ನೇ ಅವರು ನಂಬ್ತಿದ್ದದ್ದು, ನೀವೇ ಇಟ್ಕೊಳ್ಳಿ’ ಅಂತ ಇದನ್ನ ನೀವ ಕಳಿಸಿದ್ರಿ. ನಾ ಏನನಲಿ? ನಾಕು ಮಂದಿ ಹಮಾಲರು ಹೊತ್ತು ತಂದು ಈ ಮೂಲ್ಯಾಗ ಇಟ್ರು. ಅವತ್ತ ವೈರು ಕತ್ತರಿಸಿ ಒಗದೆ. ಮರುದಿನ ಮುಂಜಾನೆ ಏಳಕ್ಕ, ಚಹಾ ಕುಡೀತಿದ್ದೆ, ಪೆಟಗಿ ಮ್ಯಾಲಿನ ಮೀಟರಿನ ಮುಳ್ಳು ಎದ್ದತು. ನಿಧಾನಕ್ಕ... ಒಂದು ಸಾವಿರ, ಎರಡು ಸಾವಿರ, ಮೂರು ಸಾವಿರ. ವೈರಿಲ್ಲ, ಪ್ಲಗ್ಗಿಲ್ಲ! ಟೇಬಲ್ ಮ್ಯಾಲ ಬಂದ್ ಇದ್ದ ರೇಡಿಯೋದೊಳಗಿಂದ ದನಿ ಬಂತು. ‘ಕೋಲು ಹಾಕಿದ್ಯಾ ಬಸವಂತಾ?’

“ಓಡಿ ಹೋಗಿ ಮುಚ್ಚಳ ತಗದು ಕೋಲು ಹಾಕಿದೆ. ಠಪ್! ನೀಲಿ ಕಿಡಿ. ಮುಳ್ಳು ಕೆಳಗ ಬಿತ್ತು. ‘ಹಾಕೀನಿ ಪೂವಪ್ಪಣ್ಣಾ, ಹಾಕೀನಿ’ ಅಂತ ಅತ್ತೆ. ರೇಡಿಯೋದೊಳಗ ಆಂವ ಏನಂದ ಗೊತ್ತದ ಏನು? ‘ಈಗಿನದ್ದಲ್ಲ ಮಾರಾಯ. ಅವತ್ತಿಂದು.’

“ನಾನೂ ಹಟಮಾರಿ. ನಲವತ್ತು ವರ್ಷ ಮೀಟರ್ ರಿಪೇರಿ ಮಾಡಿದಾಂವ, ದೆವ್ವಕ್ಕ ಹೆದರತೀನೇನು? ಕೆಪ್ಯಾಸಿಟರು ಬಿಚ್ಚಿ ಹೊರಗ ತಗದೆ. ಮರುದಿನ ಮತ್ತ ಠಪ್. ವಾಲ್ವು ತಗದೆ, ಠಪ್. ಈಗ ಒಳಗ ಏನೂ ಇಲ್ಲ, ಬರೇ ಕಬ್ಬಿಣದ ಡಬ್ಬಿ, ಆದ್ರೂ ಪ್ರತಿ ಮುಂಜಾನೆ ಕಿಡಿ ಹಾರ್ತದ. ಅಷ್ಟೊತ್ತಿಗೆ ಈ ಚಂದ್ರವ್ವ ಗುಡಿಗೆ ಹೋಗಿರ್ತಾಳ, ಕೇಳಿದ್ರ ‘ಇಲಿ ಹೊಡ್ಯಾಕ ಕೋಲು’ ಅಂತ ಸುಳ್ಳು. ಇಪ್ಪತ್ತು ವರ್ಷ ಅವನ ಪ್ರಶ್ನಿಗೆ ಉತ್ತರ ಕೊಟ್ಟಿಲ್ಲ ನಾ. ಹೌದು ಅಂದ್ರ ಸುಳ್ಳು, ಇಲ್ಲ ಅಂದ್ರ ಕೊಲಿ. ಯಾವುದನ್ನ ಹೇಳಲಿ?”

ಅವರ ಮಾತು ನಿಂತಿತು. ಚಂದ್ರವ್ವ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ವಸಂತಿಯಮ್ಮ ಕೈಯಲ್ಲಿದ್ದ ಕಪ್ಪನ್ನು ನೆಲದ ಮೇಲಿಟ್ಟು ದೂರ ಸರಿಸಿದರು.

“ಇಪ್ಪತ್ತು ವರ್ಷ ನಿಮ್ಮ ಮನೆಯ ಚಾ ಕುಡಿದೆ ನಾನು,” ಎಂದರು. ದನಿಯಲ್ಲಿ ಸಿಟ್ಟಿತ್ತು. “ನನಗೆ ಹೇಳಿದ್ರೆ ಮುಗೀತದಾ ಬಸವಂತಣ್ಣ? ಕೇಳಿದ್ದು ನಾನಲ್ಲ, ಅವರು. ಅವರಿಗೇ ಹೇಳಿ. ಈಗಲೇ ಹೇಳಿ.”

ಬಸವಂತಪ್ಪನವರು ಎದ್ದರು. ಸೀರೆಯ ತುಂಡು ತೆಗೆದರು, ಪೆಟ್ಟಿಗೆಯ ಮುಚ್ಚಳ ಎತ್ತಿದರು. ನಾನು ಇಣುಕಿ ನೋಡಿದೆ. ಅವರು ಹೇಳಿದ್ದು ನಿಜ, ಒಳಗೆ ಧೂಳು ಬಿಟ್ಟರೆ ಏನೂ ಇರಲಿಲ್ಲ. ಮೀಟರಿನ ಮುಳ್ಳು ಮಾತ್ರ ಮೂರು ಸಾವಿರದಲ್ಲಿ ನಿಂತಿತ್ತು. ಇಡೀ ಬಿಲ್ಡಿಂಗಿಗೆ ಕರೆಂಟಿಲ್ಲ, ಗಂಟೆ ಏಳೂ ಅಲ್ಲ. ನಮಿತಾ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

“ಪೂವಪ್ಪಣ್ಣಾ,” ಎಂದರು ಮುದುಕರು, ಎದುರಿಗೆ ಕೂತವರ ಜೊತೆ ಮಾತಾಡುವ ಹಾಗೆ. “ಹಾಕಿದ್ದಿಲ್ಲ. ಅವತ್ತ ಕೋಲು ಹಾಕಿದ್ದಿಲ್ಲ. ಸುಳ್ಳ ಹೇಳಿದೆ.”

ಕೋಲನ್ನು ಎತ್ತಿ ದೂರ ಎಸೆದರು. ಚಂದ್ರವ್ವ “ಬ್ಯಾಡ್ರೀ!” ಎಂದು ಚೀರಿದರು. ನಾನು ಏಳುವಷ್ಟರಲ್ಲಿ ಅವರು ಎರಡೂ ಕೈಗಳನ್ನು ಪೆಟ್ಟಿಗೆಯೊಳಗೆ ಹಾಕಿಯಾಗಿತ್ತು.

ಏನೂ ಆಗಲಿಲ್ಲ. ಕಿಡಿ ಇಲ್ಲ, ಸದ್ದಿಲ್ಲ. ಮೀಟರಿನ ಮುಳ್ಳು ಸೊನ್ನೆಗೆ ಇಳಿದಿತ್ತು, ಯಾವಾಗ ಇಳಿಯಿತೆಂದು ಯಾರೂ ನೋಡಿರಲಿಲ್ಲ. ವಸಂತಿಯಮ್ಮ ಈಗ ಅಳುತ್ತಿದ್ದರು. ನನಗೂ ಕಣ್ಣು ತುಂಬಿ ಬಂತು.

“ಹೋಗ್ಯಾನ,” ಎಂದರು ಬಸವಂತಪ್ಪನವರು.

“ಅಚ್ಛಾ ಹುವಾ ನಾ ಅಜ್ಜಾ,” ಎಂದಳು ನಮಿತಾ, ಅಳುವೂ ನಗುವೂ ಸೇರಿದ ದನಿಯಲ್ಲಿ. “ಖತಮ್ ಆಯ್ತಲ್ಲಾ.”

ಮುದುಕರು ಕೈ ಹೊರಗೆ ತೆಗೆಯಲಿಲ್ಲ. ಖಾಲಿ ಪೆಟ್ಟಿಗೆಯ ಮೂಲೆಮೂಲೆ ತಡವಿ ನೋಡುತ್ತಿದ್ದರು. ಅಷ್ಟು ಹೊತ್ತಿನ ಕತೆಯಲ್ಲಿ ಮೊದಲ ಸಲ ಅವರ ಮುಖದಲ್ಲಿ ನಿಜವಾದ ಹೆದರಿಕೆ ಕಂಡಿತು.

“ಖತಮ್ ಹೆಂಗ ಆಗ್ತದ ಮಗಳ? ತುಂಬಿದ ಕರೆಂಟು ಸುಮ್ನ ಆರಿ ಹೋಗೂದಿಲ್ಲ, ಎಲ್ಲೆರ ಇಳೀಬೇಕು. ನನ್ನ ಕೈಯಾಗ ಇಳೀಲಿಲ್ಲ... ಇಪ್ಪತ್ತು ವರ್ಷ ಆಂವ ಎಲ್ಲಿದ್ದಾನಂತ ನನಗ ಗೊತ್ತಿತ್ತು. ಈ ಮೂಲ್ಯಾಗ, ಈ ಡಬ್ಬ್ಯಾಗ, ನನ್ನ ಕಣ್ಣ ಮುಂದ. ನನ್ನಿಂದ ಉತ್ತರ ಸಿಕ್ಕತು, ಸರಿ. ಆದ್ರ ಮಾಡದ ಕೆಲಸಾನ ‘ಮಾಡೀನಿ’ ಅಂದಾಂವ ಈ ಮುಂಬೈದಾಗ ನಾ ಒಬ್ಬನ ಏನು? ಈ ಬಿಲ್ಡಿಂಗಿನಾಗ ಎಷ್ಟು ಮಂದಿ ಅದೀರಿ? ನಾಳೆ ಮುಂಜಾನೆ ಏಳಕ್ಕ ನಿಮ್ಮ ಮನ್ಯಾಗ, ಬಂದ್ ಇದ್ದ ಟೀವಿಯೊಳಗಿಂದ ನಿಮ್ಮ ಹೆಸರು ಹಿಡದು ಕೇಳಿದ್ರ... ಸುಳ್ಳ ಮಾತ್ರ ಹೇಳಬ್ಯಾಡ್ರವ್ವಾ. ಆಂವ ಈಗ ಯಾರನ್ನೂ ನಂಬೂದಿಲ್ಲ.”