‘ಇತರರು’ ಅಂದ್ರ ಯಾರ್ರೀ?

…ಆ ಸಿಟ್ಟು ಇನ್ನೂ ಇಳದಿಲ್ಲ ನೋಡ್ರಿ ನನಗ. ನಗಬ್ಯಾಡ್ರಲೇ, ನಿಮ್ಮಜ್ಜನ ದನಿ ಅಂದ್ರ ಏನಂತ ತಿಳದೀರಿ? ತಂಗಡಗಿ ದಂಡಿಗೆ ನಿಂತು ಕೂಗಿದ್ರ ಕೃಷ್ಣಾ ಹೊಳಿ ಆಚಿ ಕಡಿ ಮಲಗಿದ ಎಮ್ಮಿ ಎದ್ದು ನಿಲ್ತಿದ್ವು, ಎರಡ ಮೊಸಳಿ, ಅಲ್ಲ, ಮೂರ ಮೊಸಳಿ ಹಾದಿ ಬಿಡ್ತಿದ್ವು. ಜನರನ್ನ ಹೊಳಿ ದಾಟಸಾಕ ಹರಗೋಲ ಹಾಕ್ತಿದ್ದೆ ನಾ. ಸಾಲಿ ಮೆಟ್ಟಲ ಹತ್ತಿದಾಂವ ಅಲ್ಲ, ಆದ್ರ ಹರಗೋಲ ಹತ್ತಿದ ಒಬ್ಬೊಬ್ಬರ ಹೆಸರೂ ತಲ್ಯಾಗ ಇರ್ತಿತ್ತು. ಆಚಿ ದಂಡಿಗೆ ಮುಟ್ಟಿದ ಮ್ಯಾಲ ಹೆಸರು ಹಿಡದು ಕರೀತಿದ್ದೆ, ಎಲ್ಲಾರೂ ‘ಓ’ ಅಂದ ಮ್ಯಾಲನ ಹಗ್ಗ ಕಟ್ಟೋದು.

ಮೊನ್ನೆ ನಿಮ್ಮಕ್ಕ ಸಾವಿತ್ರಿ ತನ್ನ ಯುನಿವರ್ಸಿಟಿಗೆ ಕರಕೊಂಡ ಹೋದ್ಲು. “ಯಜ್ಜಾ, ಜರ್ಮನಿ ದೇಶದಾಗ ಒಂದ ಕಾಲಕ್ಕ ಆಳೋರು ಯೆಹೂದ್ಯರನ್ನ, ಬರೇ ಯೆಹೂದ್ಯರು ಅನ್ನೋ ಕಾರಣಕ್ಕ, ಕೂಸು ಮುದುಕರು ಅನ್ನದ ಹಿಡದು ಕೊಂದ್ರು. ಅವರ ನೆನಪಿಗೆ ಹೆಸರು ಓದೋದೈತಿ. ನನಗ ನಲವತ್ತು ಹೆಸರು ಕೊಟ್ಟಾರ.” ತಿಂಗಳಾನಗಟ್ಲೆ ರೊಟ್ಟಿ ಬಡಿಯೋ ಮುಂದೂ ಅವೇ ಹೆಸರು ಆಕಿ ಬಾಯಾಗ, ಒಂದೂ ತಪ್ಪಬಾರದು ಅಂತ.

ಹೋದ್ರ ಏನೈತಿ ಅಲ್ಲಿ? ಶಾಲು, ಹಾರ, ಫೋಟೋ. ಮುಖ್ಯ ಅತಿಥಿ ಸಾಹೇಬ ಮೈಕ್ ಹಿಡದಾಂವ ಬಿಡವಲ್ಲ. ತನ್ನ ಪ್ರವಾಸ, ತನ್ನ ಮಗನ ನೌಕರಿ, ತನ್ನ ಸಕ್ಕರಿ ರೋಗ! ಸತ್ತವರಿಗಂತ ಹಚ್ಚಿದ ಮೇಣಬತ್ತಿ ಕರಗಿ ಹೋದ್ವು. ಕಡೀಕ ಸಾವಿತ್ರಿ ಎದ್ಲು. “ಹಾನಾ, ಆರು ವರ್ಷ. ಯಾಕೋಬ, ದರ್ಜಿ…” ಒಂಬತ್ತು ಆಗಿದ್ವು, ಕಾರ್ಯಕ್ರಮ ನಡಸಾಂವ ಬಂದು ಆಕಿ ಹಾಳಿ ಮ್ಯಾಲ ಕೈ ಇಟ್ಟ. “ಸಾಕಮ್ಮಾ, ಊಟಕ್ಕ ಹೊತ್ತಾತು. ‘ಮತ್ತು ಇತರರು’ ಅಂತ ಮುಗಸಿಬಿಡು.”

ನಾ ಎದ್ದ ನಿಂತೆ. “ಇತರರು ಅಂದ್ರ ಯಾರ್ರೀ? ನನ್ನ ಹರಗೋಲದಾಗ ಇತರರು ಅನ್ನಾಂವ ಒಬ್ಬನೂ ಹತ್ತಿಲ್ಲ!”

“ಅಜ್ಜಾರ, ಕೂಡ್ರಿ. ಎಲ್ಲಾರಿಗೂ ಸೇರಿಸಿ ಒಂದ ನಿಮಿಷ ಮೌನ ಮಾಡ್ತೇವಿ.”

ಮಾಡಿದ್ರಪಾ. ಅರ್ಧಕ್ಕ ಯಾರದೋ ಮೊಬೈಲ್ ಹಾಡಾಕ ಹತ್ತಿತು. ಮೈಕ್ ಬಂದ್ ಮಾಡಿದ್ರು, ಜನ ತಾಟು ಹಿಡಿಯಾಕ ಓಡಿದ್ರು.

ನಿಮಗ ಹೇಳಿಲ್ಲ ನಾ ಇದನ್ನ. ಯಾರಿಗೂ ಹೇಳಿಲ್ಲ. ಒಂದ ಸಲ ಹೊಳಿ ತುಂಬಿತ್ತು, ಮಳಿ, ಅವಸರ. ಹೆಸರು ಕರೀಲಿಲ್ಲ. “ಎಲ್ಲಾರೂ ಇಳದ್ರ್ಯಾ?” ಅಂದೆ. “ಇಳದೇವಿ” ಅಂತ ಅಂದು ಓಡಿದ್ರು. ಬಸಮ್ಮ ಅನ್ನಾಕಿ ಇಳಿಯೋ ಮುಂದ ಜಾರಿ ಹೊಳ್ಯಾಗ ಬಿದ್ದು ಕೊಚ್ಚಿ ಹೋಗಿದ್ಲು. ಸಂಜೀಕ ಆಕಿ ಮಗ ಬಂದು “ಕಾಕಾ, ನಮ್ಮವ್ವ?” ಅಂದಾಗನ ಗೊತ್ತಾತು. ಒಂದ ಹೆಸರು ಕರಿಯಾಕ ಎಷ್ಟ ಹೊತ್ತು ಬೇಕಿತ್ತು?

ಅವತ್ತ ಆ ಸಭಾದಾಗ ಸಾವಿತ್ರಿ ಹಾಳಿ ಹಿಡಕೊಂಡು ಅಳಾಕತ್ತಿದ್ಲು. “ಓದು, ನಾ ಕೂಗ್ತೇನಿ” ಅಂದೆ. ಆಕಿ ಮೆಲ್ಲಕ ಓದೋದು, ನಾ ಹೊಳಿ ದನೀಲೆ ಕೂಗೋದು. ಉಳದ ಮೂವತ್ತೊಂದೂ. ಕೇಳಾಕ ಖಾಲಿ ಕುರ್ಚಿ, ಅನ್ನ ಬಡಸೋದ ಬಿಟ್ಟು ಸೌಟ ಕೆಳಗಿಟ್ಟು ಬಂದ ಒಬ್ಬ ಹೆಣಮಗಳು, ಅಷ್ಟ. ಒಬ್ಬರೂ ‘ಓ’ ಅನ್ನಲಿಲ್ಲ. ಎಲ್ಲಿಂದ ಅಂದಾರು?

ಹೂಂ, ಏಳ್ರಿ. ನಿಮ್ಮವ್ವ ಊಟಕ್ಕ ಕರಿಯಾಕತ್ತಾಳ. ‘ಎಲ್ಲಾರೂ ಬರ್ರಿ’ ಅನ್ನಬ್ಯಾಡ ಅಂತ ಹೇಳ್ರಿ ಆಕಿಗೆ, ಒಬ್ಬೊಬ್ಬರ ಹೆಸರು ಹಿಡದು ಕರೀಲಿ.