ಕಡೇ ಗಳಿಗೆಯ ನೀತಿವಂತ

ರಾಮನಗರದ ಆಸ್ಪತ್ರೆಯೊಂದರಲ್ಲಿ ವಾರ್ಡಿನ ಹೊರಗೆ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಸುಗುಣಮ್ಮ ಎಂಬ ಹೆಂಗಸು ಕೂರಲಾಗದೆ, ನಿಲ್ಲಲಾಗದೆ ಚಡಪಡಿಸುತ್ತಿದ್ದರು. ಒಳಗೆ ಅವರ ಗಂಡನಿಗೆ ತೀರಾ ಸೀರಿಯಸ್ಸಾಗಿತ್ತು. ಜೊತೆಗೆ ಅವರ ಚರ್ಚಿನ ಅಯ್ಯನೋರು ಬಂದಿದ್ದರು.

"ಕುಡ್ದು ಹೊಡ್ದು ನನ್ ಬಾಳೇ ಹಾಳ್ ಮಾಡ್ದೋರು, ನೆನ್ನೆ ಯೇಸುನ ನಂಬ್ದೆ ಅಂದ್ಬುಟ್ರು. ಅಷ್ಟಕ್ಕೇ ದೇವ್ರು ಇವ್ರನ್ನ ನೀತಿವಂತ ಅಂದ್ಬುಡ್ತಾನಾ ಅಯ್ಯನೋರೇ?"

"ಅಂತಾನೆ ಕಣಮ್ಮ. ನಿಜವಾಗಿ ನಂಬಿದ್ರೆ ಸಾಕು. ಕ್ರಿಸ್ತನ ನೀತೀನೇ ಇವ್ರದು ಅಂತ ಎಣಿಸ್ತಾನೆ."

"ಮತ್ತೆ ನಾನು? ಇಷ್ಟ್ ವರ್ಸ ಸಹಿಸ್ಕಂಡೆ. ಒಂದ್ ಭಾನ್ವಾರ ಆರಾಧನೆ ತಪ್ಪುಸ್ಲಿಲ್ಲ."

"ನಿಮ್ಗೂ ಅಷ್ಟೇ ಸುಗುಣಮ್ಮ. ಅದು ಕೂಲಿ ಅಲ್ಲ, ಕೃಪೆ."

"ಹಂಗಾರೆ ನಾ ಮಾಡಿದ್ದೆಲ್ಲಾ ದಂಡವಾ?"

"ಬೆಳಿಗ್ಗೆ ಅವ್ರಿಗೆ ಗಂಜಿ ಕುಡಿಸಿದ್ರಲ್ಲ, ಸ್ವರ್ಗ ಸಿಗ್ಲಿ ಅಂತ ಕುಡಿಸಿದ್ರಾ?"

ಸುಗುಣಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

"ಹಸ್ದಿದ್ರು, ಕುಡುಸ್ದೆ."

ಅಷ್ಟರಲ್ಲಿ ನರ್ಸ್ ಬಾಗಿಲಿಗೆ ಬಂದು, "ಅಮ್ಮಾ, ನಿಮ್ ಯಜಮಾನ್ರು ಕರೀತಾವ್ರೆ" ಅಂದರು.

"ದೇವ್ರು ಏನಾರ ಅಂದ್ಕಳ್ಲಿ, ನಾನಿನ್ನೂ ಕ್ಷಮಿಸಿಲ್ಲ ಅಯ್ಯನೋರೇ" ಅನ್ನುತ್ತಲೇ ಸುಗುಣಮ್ಮ ಬಿರಬಿರನೆ ಒಳಗೆ ಹೋದರು.